ಮಾವನವರ ಹಲ್ಲಿಗೆ ನಾನು ಹಾಕಿದ ಬೆಸುಗೆ

ಎರಡು ಲೋಹದ ತುಂಡುಗಳನ್ನು ಒಂದಕ್ಕೊಂದು ಹತ್ತಿಸಿ ನಿಲ್ಲಿಸುವ ವಿದ್ಯೆಯಲ್ಲಿ ಇಡೀ ಬಾಗಲಕೋಟೆಯೊಳಗೆ ನನ್ನನ್ನು ಮೀರಿಸುವವರಿಲ್ಲ ಎಂಬ ದೃಢವಾದ ನಂಬಿಕೆ ನನಗಿತ್ತು. ಈ ನಂಬಿಕೆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ದೊಡ್ಡ ಸತ್ಯಗಳು ಮೊದಮೊದಲು ಒಬ್ಬನಿಗೇ ಹೊಳೆಯುತ್ತವೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ನಾನು ರೈಲು ಸ್ಟೇಶನ್ನಿನ ಟೆಲಿಗ್ರಾಫ್ ಕಚೇರಿಯ ತಾರು ಮಾಸ್ತರ. ತಂತಿಯ ಮೇಲೆ ಕಾಗೆ ಕುಳಿತರೆ "ಸುದ್ದಿ ಕೇಳ್ಲಿಕ್ಕೆ ಕೂತದ" ಎಂದು ಜನ ನಿಂತು ನೋಡುತ್ತಿದ್ದ ಕಾಲ ಅದು. ಗಾಳಿಗೆ ತಂತಿ ಹರಿದರೆ ರಾಳ ಹಚ್ಚಿ, ಸೀಸ-ತವರದ ಕಡ್ಡಿ ಕರಗಿಸಿ ಬೆಸೆಯುವುದನ್ನು ನಾನು ಕಲಿತಿದ್ದೆ. ನಾನು ಬೆಸೆದ ತಂತಿಯೊಳಗಿಂದ ಮದುವೆ, ಮರಣ, ಹತ್ತಿಯ ಧಾರಣೆ ಎಲ್ಲವೂ ಸುಸೂತ್ರವಾಗಿ ಹಾದುಹೋಗುತ್ತಿದ್ದವು. ಅಂಥವನಿಗೆ ಒಂದು ಹಲ್ಲಿನ ಕೊಂಡಿ ಯಾವ ಲೆಕ್ಕ?

ಹಲ್ಲು ಯಾರದು ಎಂದು ಮೊದಲು ಹೇಳಬೇಕು. ಅದು ನಮ್ಮ ಮಾವನವರದು.

ಮಾವನವರು ಬಾದಾಮಿಯ ಪುರಾಣಿಕರು. ಅವರು ಪುರಾಣ ಹೇಳಲು ಕುಳಿತರೆ ಊರ ಹೊಂಡದ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಎತ್ತಿದ ಕೈ ಎತ್ತಿದ ಹಾಗೆಯೇ ನಿಲ್ಲಿಸುತ್ತಿದ್ದರು. ಅಂಥವರ ಮುಂದಿನ ಹಲ್ಲುಗಳು ಒಂದರ ಹಿಂದೊಂದು ಉದುರಿದವು. ಆಮೇಲೆ ಗಾಳಿ ಹೊರಗೆ, ಅಕ್ಷರ ಒಳಗೆ! ಒಂದು ಸಂಜೆ ತುಂಬಿದ ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವನವರು ಅಲ್ಲಿಗೇ ಪುಸ್ತಕ ಕಟ್ಟಿ ಎದ್ದುಬಂದರು. ಅಂದಿನಿಂದ ಪಡಸಾಲೆಯ ಕಂಬಕ್ಕೆ ಒರಗಿ ಕೂಡುವುದೇ ಅವರ ಕೆಲಸವಾಯಿತು. ನನ್ನ ಹೆಂಡತಿ ಅಂಬಕ್ಕ ತವರಿಗೆ ಹೋಗಿ ಬಂದಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಪ್ಪಾ ಮಾತಾಡೂದ ಬಿಟ್ಟಾರ್ರಿ. ನೀರು ಬೇಕಂದ್ರೂ ಕೈ ಮಾಡ್ತಾರ."

ಕೊನೆಗೆ ಮುಂಬಯಿಯಲ್ಲಿದ್ದ ಅವರ ತಮ್ಮ ಕರೆದೊಯ್ದು, ಅಲ್ಲಿಯ ಹಲ್ಲಿನ ಡಾಕ್ಟರರಿಂದ ಒಂದು ಕಟ್ಟು ಹಲ್ಲು ಮಾಡಿಸಿಕೊಟ್ಟರು. ಅಂಗುಳಕ್ಕೆ ಕೂಡುವ ಬಂಗಾರದ ತೆಳು ತಗಡು, ಅದರ ಅಂಚಿಗೆ ಪಿಂಗಾಣಿಯ ಹಲ್ಲುಗಳು, ಎರಡು ಕಡೆ ದವಡೆ ಹಲ್ಲನ್ನು ಹಿಡಿದುಕೊಳ್ಳಲು ಎರಡು ಬಂಗಾರದ ಕೊಂಡಿ. ಪರದೇಶದ ವಿದ್ಯೆ, ಯಾರ ಯಾರ ಕೈ ತಾಗಿದೆಯೋ ಏನೋ! ಅತ್ತೆಯವರು ಅದನ್ನು ಪಂಚಗವ್ಯದಲ್ಲಿ ಮುಳುಗಿಸಿ, ತುಳಸಿ ಕಟ್ಟೆಯ ಮೇಲೆ ಒಣಗಿಸಿ, ಮಂತ್ರ ಹೇಳಿಸಿ ಮಡಿ ಮಾಡಿದರು. ಹಲ್ಲು ನಮ್ಮ ಮತಕ್ಕೆ ಸೇರಿತು.

ಸುದ್ದಿ ತಿಳಿದ ಕೂಡಲೇ ನಾನು ನಮ್ಮ ಓಣಿಯ ದೇವಸ್ಥಾನದಲ್ಲಿ ಅವರ ಪುರಾಣ ಏರ್ಪಡಿಸಿದೆ. ಇಳಕಲ್ಲಿನ ಸೀರೆ ವ್ಯಾಪಾರದ ಸಾವಕಾರರೊಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ಕೇಳಲು ಬರುವವರಿದ್ದರು. ಅವರಿಗೆ ಮನಸ್ಸಿಗೆ ಬಂದರೆ ಶ್ರಾವಣ ಮಾಸವಿಡೀ ಇಳಕಲ್ಲಿನ ಅವರ ವಾಡೆಯಲ್ಲಿ ಪುರಾಣ! ಮಾವನವರು ಕೆಲವು ದಿನ ಮೊದಲೇ ರೈಲು ಹತ್ತಿ ನಮ್ಮ ಮನೆಗೆ ಬಂದರು. ಬಂದ ಸಂಜೆ ಕಾಲು ತೊಳೆದು, ಪಡಸಾಲೆಯಲ್ಲಿ ಕುಳಿತು, ಒಂದು ಶ್ಲೋಕ ಎತ್ತಿದರು. ಅಡಿಗೆ ಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಅಂಬಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳದಿದ್ದರೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ. ಮದುವೆಯಲ್ಲಿ ಕಾಲು ತೊಳೆದು ಕನ್ಯೆ ಕೊಟ್ಟ ಮೇಲೆ ಅಳಿಯನ ಮಾತಿಗೆ ಮಾವ ಇಲ್ಲ ಎನ್ನಬಾರದು. ಎಷ್ಟೋ ಮಾವಂದಿರು ಇದನ್ನು ಬಾಯಿಯಲ್ಲಿ ಹೇಳುತ್ತಾರೆ. ನಮ್ಮ ಮಾವನವರು ಪಾಲಿಸುತ್ತಿದ್ದರು. ಒಮ್ಮೆ ಬಾದಾಮಿಯಲ್ಲಿ, ಅಲ್ಲೇ ಹುಟ್ಟಿ ಬೆಳೆದ ಅವರಿಗೇ, ಬನಶಂಕರಿಗೆ ಹೋಗುವ ದಾರಿ ಇದು ಎಂದು ನಾನು ತಪ್ಪು ದಾರಿ ತೋರಿಸಿದೆ. "ಇರಬಹುದ್ರಿ ಅಳಿಯಂದ್ರ" ಎಂದು ಅವರು ಆ ದಾರಿಯಲ್ಲೇ ನನ್ನ ಹಿಂದೆ ನಡೆದರು. ಬಹಳ ದೂರ ನಡೆದರು.

ಅಂಥವರಿಗೆ ನಾನು ಕರದಂಟು ತಿನ್ನಿಸಿದೆ.

ಅಮೀನಗಡದಿಂದ ಯಾರೋ ತಂದುಕೊಟ್ಟಿದ್ದರು. ಅಂಟು, ಬೆಲ್ಲ, ಒಣಕೊಬ್ಬರಿ ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಮಾವನವರು ಅದನ್ನು ದೂರದಿಂದಲೇ ಭಕ್ತಿಯಿಂದ ನೋಡಿದರು. ಅಳಿಯನಾದವನು ಒತ್ತಾಯ ಮಾಡದಿದ್ದರೆ ಉಪಚಾರ ಹೇಗಾದೀತು?

"ಒಂದ ತುಂಡು, ಮಾವನವರ. ನನ್ನ ಮ್ಯಾಲಿನ ಆಣಿ!"

"ಹಲ್ಲು ಹೊಸಾವ್ರಿ..."

"ಹೊಸಾವಿದ್ದಾಗ ತಿನ್ನದ ಮತ್ತ ಯಾವಾಗ ತಿಂತೀರಿ?"

ಆಣೆ ಇಟ್ಟ ಮೇಲೆ ಮುಗಿಯಿತು. ಬಾಯಿಗೆ ಹಾಕಿಕೊಂಡರು. ಮೇಲಿನ ದವಡೆ ಕೆಳಗಿನದನ್ನು ಕೂಡಿದ್ದು ಕಂಡಿತು; ಬಿಡಿಸಿಕೊಂಡದ್ದು ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ 'ಟಕ್' ಎಂದಿತು. ಅವರು ಪಂಚೆಯ ಅಂಚು ಅಡ್ಡ ಹಿಡಿದು ಹಲ್ಲಿನ ಕಟ್ಟನ್ನು ತೆಗೆದರು. ಎಡಗಡೆಯ ಕೊಂಡಿ ಬುಡದ ಸಮೇತ ಕಿತ್ತು ಕರದಂಟಿನೊಳಗೆ ಕೂತಿತ್ತು. ಒಂದೇ ಕೊಂಡಿಯ ಮೇಲೆ ಕಟ್ಟು ನಿಲ್ಲುವುದಿಲ್ಲ. ಬಾಯಿ ತೆರೆದರೆ ಕೆಳಗೆ ಜೋತುಬೀಳುತ್ತದೆ.

ಅಂಬಕ್ಕ ನನ್ನ ಕಡೆ ನೋಡಿದಳು. ಅದನ್ನು ಇಲ್ಲಿ ವರ್ಣಿಸುವುದಿಲ್ಲ.

ಮುಂಬಯಿಗೆ ಕಳಿಸಿದರೆ ಪುರಾಣದ ಹೊತ್ತಿಗೆ ಬರುವುದಿಲ್ಲ. ನಮ್ಮ ಓಣಿಯ ಪತ್ತಾರ ಕಾಳಪ್ಪ ಒಳ್ಳೆಯ ಬಂಗಾರದ ಕೆಲಸದವನು. ಅವನು ಹೊಲದ ತಕರಾರಿಗಾಗಿ ಹುನಗುಂದದ ಕಚೇರಿಗೆ ಹೋಗಿ ಕೂತಿದ್ದ. ಕಚೇರಿಗೆ ಹೋದವನು ಯಾವಾಗ ಬರುತ್ತಾನೆಂದು ಯಾರು ಹೇಳಬೇಕು? ನಾನು ಎದೆ ಮುಂದೆ ಮಾಡಿ ಎದ್ದು ನಿಂತೆ.

"ಕಾಳಪ್ಪ ಯಾಕ ಬೇಕು? ನಾ ಕೂಡಸ್ತೇನಿ."

"ನೀವು ಗಡಿಯಾರ ರಿಪೇರಿ ಮಾಡಿದ್ರಿ," ಎಂದಳು ಅಂಬಕ್ಕ. "ಅದು ಈಗ ಹಿಂದಕ ಓಡ್ತದ."

"ಓಡ್ತದೋ ಇಲ್ಲೋ?"

"ಕಂದೀಲ ರಿಪೇರಿ ಮಾಡಿದ್ರಿ. ಈಗ ಅದನ್ನ ನೋಡ್ಲಿಕ್ಕೆ ಇನ್ನೊಂದು ಕಂದೀಲ ಬೇಕು."

"ಏ, ಅವೆಲ್ಲಾ ಸಣ್ಣ ಕೆಲಸ. ಇದು ಬೆಸಿಗಿ! ಇದು ನನ್ನ ವಿದ್ಯಾ!"

ಮಾವನವರು ನಡುವೆ ಬಾಯಿ ಹಾಕಿದರು. ಹಲ್ಲಿಲ್ಲದ ಬಾಯಿ. "ಅಳಿಯಂದ್ರು ಮಾಡ್ತೇನಿ ಅಂದಮ್ಯಾಲೆ ಆತು ಬಿಡವಾ ಅಂಬೂ." ಹೀಗೆಂದು ಹಲ್ಲಿನ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಹಾಲು ಕರೆಯುವ ಆಕಳನ್ನು ದಾನ ಕೊಡುವವರ ಮುಖ ಹಾಗಿರುತ್ತದೆ.

ಬಚ್ಚಲ ಒಲೆಯ ಮುಂದೆ ಕಾರ್ಯ ಆರಂಭವಾಯಿತು. ಕಚೇರಿಯಿಂದ ರಾಳ, ಸೀಸ-ತವರದ ಕಡ್ಡಿ ಮತ್ತು ಬೆಸುಗೆ ಕಬ್ಬಿಣ ತಂದಿದ್ದೆ. ಕಬ್ಬಿಣ ಕಾಯಿಸಿದೆ. ಕೊಂಡಿಯನ್ನು ತಗಡಿಗೆ ಆನಿಸಿ ಕಡ್ಡಿ ಕರಗಿಸಿದೆ. ಹತ್ತಿತು! ಆದರೆ ಸದರಿ ಜಾಗ ನೋಡಲು ಸ್ವಲ್ಪ ಬಡವಾಗಿ ಕಂಡದ್ದರಿಂದ, ಬಲ ಬರಲೆಂದು ಸಣ್ಣ ತಾಮ್ರದ ತಂತಿಯನ್ನು ಸುತ್ತಿ ಅದರ ಮೇಲೆ ಮತ್ತೆ ಸೀಸ-ತವರ ಹೊಯ್ದೆ. ಈಗ ಒಂದೇ ಬಾಯಿಗೆ ಬಂಗಾರ, ತಾಮ್ರ, ತವರ, ಸೀಸ. ಪಂಚಲೋಹಕ್ಕೆ ಒಂದೇ ಕಡಿಮೆ! ದೇವರ ಮೂರ್ತಿಯನ್ನೇ ಪಂಚಲೋಹದಲ್ಲಿ ಮಾಡುತ್ತಾರೆ; ಮನುಷ್ಯನ ಹಲ್ಲು ಅದಕ್ಕಿಂತ ದೊಡ್ಡದೇ ಎಂದು ನಾನು ಹಿಗ್ಗಿದೆ.

ಇನ್ನು ಬಲಪರೀಕ್ಷೆ. ಹಲ್ಲಿನ ಕಟ್ಟನ್ನು ಬಟ್ಟೆಯಲ್ಲಿ ಬಿಗಿದು ಹಿತ್ತಲ ಮಾಡಿನ ಜಂತಿಗೆ ಕಟ್ಟಿದೆ. ಕೊಂಡಿಗೆ ಹಗ್ಗ ಹಾಕಿ, ಹಗ್ಗಕ್ಕೆ ಒಳಕಲ್ಲಿನ ಗುಂಡು ತೂಗುಬಿಟ್ಟೆ. ಗುಂಡು ಗಾಳಿಯಲ್ಲಿ ನಿಂತಿತು. ಕೊಂಡಿ ಅಲ್ಲಾಡಲಿಲ್ಲ! ಸಾಕ್ಷಿಗೆಂದು ಪಕ್ಕದ ಮನೆಯ ಗೋದಾಬಾಯಿಯವರನ್ನು ಗೋಡೆಯ ಆಚೆಯಿಂದ ಕೂಗಿ ಕರೆದೆ.

ಗೋದಾಬಾಯಿ ನಮ್ಮ ಓಣಿಯ ತಾರು ಕಚೇರಿ. ನನ್ನ ತಂತಿಗಿಂತ ಅವರ ಬಾಯಿಯಲ್ಲಿ ಸುದ್ದಿ ಬೇಗ ಹೋಗುತ್ತದೆ. ಅವರು ತೂಗಾಡುವ ಗುಂಡನ್ನೂ ಮೇಲಿನ ಹಲ್ಲುಗಳನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟರು.

"ಏನ್ ಗಟ್ಟಿ ಅದ ನೋಡ್ರಿ ಗೋದಾಬಾಯಿ!"

"ಗಟ್ಟಿ ಖರೆ. ಆದ್ರ ನಿಮ್ಮ ಮಾವನೋರು ಪುರಾಣ ಹೇಳವರೋ, ಗುಂಡ ಎತ್ತವರೋ?"

ಬಲಪರೀಕ್ಷೆಯಲ್ಲಿ ಬೆಸುಗೆ ಪಾಸಾಯಿತು. ಹುಳಿಯ ಪರೀಕ್ಷೆಯೊಂದು ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಜಂತಿ ಒಣಗಿರುತ್ತದೆ, ಬಾಯಿ ಸದಾ ಒದ್ದೆ ಇರುತ್ತದೆ. ಇಷ್ಟು ಮಾತಾಡುವ ನನಗೆ ಅದು ಗೊತ್ತಿರಬೇಕಿತ್ತು.

ಮರುದಿನ ಊಟಕ್ಕೆ ಮಾವನವರು ಹೊಸ ಬೆಸುಗೆಯ ಹಲ್ಲು ಹಾಕಿಕೊಂಡು ಕುಳಿತರು. ಗಟ್ಟಿಯಾಗಿ ಕೂತಿತ್ತು. ಮಾತು ಸ್ಪಷ್ಟ. ಅಂಬಕ್ಕ ಕೂಡ "ಈ ಸಲ ಏನೋ ಸಾಧಿಸೀರಿ" ಎಂದಳು. ಮಾವನವರು ಹುಣಸೆಹಣ್ಣಿನ ಸಾರು ಕಲೆಸಿ ಮೊದಲ ತುತ್ತು ಬಾಯಿಗಿಟ್ಟರು. ಎರಡೂ ಭುಜ ಕಿವಿಯವರೆಗೆ ಏರಿದವು. ಒಂದು ಕಣ್ಣು ಮುಚ್ಚಿತು. ಇನ್ನೊಂದರಿಂದ ನೀರು ಬಂತು.

"ಹೆಂಗದ್ರಿ ಮಾವನವರ?"

"ಭಾಳ... ಭಾಳ ಛಲೋ ಅದ್ರಿ."

ಸಂತೋಷದ ಕಣ್ಣೀರು ಎಂದು ನಾನು ಇನ್ನೊಂದು ಸೌಟು ಸಾರು ಹಾಕಿಸಿದೆ!

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಲ್ಲು ಉದುರಿದಂದಿನ ರೂಢಿಯಂತೆ, ಚೆಲ್ಲದಿರಲೆಂದು ಬೆಳ್ಳಿಯ ಉದ್ಧರಣೆಯಿಂದ ನೇರ ಬಾಯಿಗೇ ತೀರ್ಥ ತೆಗೆದುಕೊಂಡರು. ಆ ಬೆಳ್ಳಿಯ ಚಮಚೆ ಹಲ್ಲಿನ ತಗಡಿಗೆ ತಾಗಿದ್ದೇ ತಡ, "ನಾರಾಯಣಾ!" ಎಂದು ಕೂಗಿ ಮಣೆಯಿಂದ ಗೇಣುದ್ದ ಮೇಲೆ ಹಾರಿದರು. ಹೂ ಕೊಡಲು ಬಂದಿದ್ದ ಗೋದಾಬಾಯಿ ಅದನ್ನು ಕಂಡರು. ಅವರು ಹೂಬುಟ್ಟಿ ಅಲ್ಲೇ ಇಟ್ಟು ಕೈ ಮುಗಿದರು.

"ತೀರ್ಥ ತಗೊಂಡ್ರ ಮೈಮ್ಯಾಲೆ ದೇವರ ಬರ್ತದವಾ ಅಂಬಕ್ಕ, ನಿಮ್ಮಪ್ಪಗ!"

ಮರುದಿನ ನಮ್ಮ ದೇವರಮನೆಯ ಮುಂದೆ ಹೆಂಗಸರ ಸಾಲು. ಎಲ್ಲರೂ ಮಾವನವರು ತೀರ್ಥ ತೆಗೆದುಕೊಳ್ಳುವುದನ್ನು ನೋಡಲು ಬಂದವರು. ಮಾವನವರು ಉದ್ಧರಣೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಧ್ಯಾನ ಎಂದು ಜನ ತಿಳಿದರು. ಪಾಪ, ಅದು ಧೈರ್ಯ ತಂದುಕೊಳ್ಳುವ ಹೊತ್ತು! ಕೊನೆಗೆ ಕುಡಿದರು, ಕೂಗಿದರು, ಹಾರಿದರು. ಹೆಂಗಸರು ಸಾಲಾಗಿ ನಮಸ್ಕಾರ ಮಾಡಿದರು. ಇಂಥ ಮಾವ ಸಿಕ್ಕಿದ್ದು ನನ್ನ ಪುಣ್ಯವೆಂದು ನಾನೂ ಬಾಗಿಲಲ್ಲಿ ನಿಂತು ಬೀಗಿದೆ.

ಅಂಬಕ್ಕ ಮಾತ್ರ ಬೀಗಲಿಲ್ಲ. ಹಲ್ಲು ಇಡುವ ತಂಬಿಗೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ನೀರು ನೋಡ್ರಿ. ಹಸರಾಗೇದ."

"ಬೇಸಿಗಿ ಕಳದು ಮಳಿ ಬಂದದ. ಪಾಚಿ ಇರಬೇಕು."

"ಅಪ್ಪನ ನಾಲಿಗಿ ಕರ್ರಗಾಗೇದ."

"ನೇರಳಹಣ್ಣ ತಿಂದಿರಬೇಕು."

"ನೇರಳಹಣ್ಣೂ ಇಲ್ಲ, ಪಾಚೀನೂ ಇಲ್ಲ. ಇದು ಕಿಲಬು! ಕಲಾಯಿ ಹೋದ ಪಾತ್ರಿದಾಗ ಹುಳಿ ಇಟ್ರ ಏರೂ ಕಿಲಬು. ನಿಮ್ಮ ಬೆಸಿಗಿ ಕಿಲಬಿಡ್ಲಿಕ್ಕೆ ಹತ್ತೇದ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹಿತ್ತಾಳೆಯ ಪಾತ್ರೆ ಬೆಳಗಿದ ಹಾಗೆ ಬೂದಿ ಮತ್ತು ಹುಣಸೆಹಣ್ಣು ಹಚ್ಚಿ ಹಲ್ಲನ್ನು ತಿಕ್ಕಿ ತಿಕ್ಕಿ ಫಳಫಳ ಮಾಡಿ ಮಾವನವರಿಗೆ ಕೊಟ್ಟೆ. ತುಕ್ಕಿಗೆ ಹುಳಿಯ ಅಭ್ಯಂಜನ! ಅವರು ಎರಡೂ ಕೈಯಿಂದ ತೆಗೆದುಕೊಂಡು "ಭಾಳ ತ್ರಾಸ ತಗೊಂಡ್ರಿ" ಎಂದರು.

ಆಮೇಲೆ ತಂದೆ-ಮಗಳು ಒಳಗೆ ಮಾತಾಡುವುದು ನನ್ನ ಕಿವಿಗೆ ಬಿತ್ತು.

"ಖರೆ ಹೇಳಪ್ಪಾ, ಹೆಂಗ ಆಗ್ತದ?"

"ಏನಿಲ್ಲವಾ. ಕೀಲಿಕೈ ನೆಕ್ಕಿದಂಗ ಬಾಯೆಲ್ಲಾ ಒಂಥರಾ ಹುಳಿ. ನಾಲಿಗೀ ತುದೀಗೆ ಇರಿವಿ ಕಡದಂಗ ಝುಂ ಅಂತದ. ಬೆಳ್ಳಿ ತಾಗಿದ್ರ ತಲಿಗೇ ಏರ್ತದ."

"ಮತ್ತ ತಗದ ಇಡ್ರಿ!"

"ತಗದ್ರ ಪುರಾಣ ಹೆಂಗ ಹೇಳ್ಲಿ? ನಾಳೆ ಒಂದಿನ ನಡದ್ರ ಸಾಕವಾ. ಮತ್ತೊಮ್ಮೆ ಮಂದಿ ಮುಂದ ನಗೆಗೀಡಾಗೂದು ನನ್ನ ಕಡಿಂದ ಆಗೂದಿಲ್ಲ. ಅಳಿಯಂದ್ರಿಗೆ ಹೇಳಬ್ಯಾಡ. ಪಾಪ, ನೊಂದ್ಕೋತಾರ."

ಇದನ್ನೆಲ್ಲ ಕೇಳಿಯೂ ನನಗೆ ಏನೂ ತಿಳಿಯಲಿಲ್ಲ. ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಹಾಗೆ ಹೊಸ ಬೆಸುಗೆ ಕಚ್ಚುತ್ತಿರಬೇಕು ಎಂದುಕೊಂಡು ಮಲಗಿದೆ. ಒಳ್ಳೆಯ ನಿದ್ದೆ ಬಂತು!

ಪುರಾಣದ ದಿನ ಮಧ್ಯಾಹ್ನ ಕಚೇರಿಯಲ್ಲಿ ತಾರು ಸರಿಯಾಗಿ ಹೋಗುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ತಾರು ನಡೆಯುವುದು ಬ್ಯಾಟರಿಯಿಂದ. ಗಾಜಿನ ಭರಣಿಗಳಲ್ಲಿ ಮೈಲುತುತ್ತದ ನೀರು. ಅದರೊಳಗೆ ಒಂದು ತಾಮ್ರದ ತಗಡು, ಒಂದು ಜಸ್ತದ, ಅಂದರೆ ಸತುವಿನ ತಗಡು. ಎರಡು ಬೇರೆ ಬೇರೆ ಲೋಹ, ನಡುವೆ ಅಂಥ ನೀರು ಇದ್ದರೆ ತಂತಿಯೊಳಗೆ ಶಕ್ತಿ ಹರಿಯುತ್ತದೆ. ಒಂದು ಲೋಹ ದಿನದಿನಕ್ಕೆ ಸವೆದು ಹೋಗುತ್ತದೆ. ಇದನ್ನು ನಾನು ಬಂದವರಿಗೆಲ್ಲ ಬೆತ್ತ ಹಿಡಿದು ವಿವರಿಸುತ್ತಿದ್ದೆ. ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಲು ನಾವು ತಾರಿನವರು ಮಾಡುವ ಸುಲಭ ಉಪಾಯವೊಂದಿದೆ: ಎರಡೂ ತಂತಿಯ ತುದಿಗಳನ್ನು ನಾಲಿಗೆಗೆ ತಾಗಿಸುವುದು.

ತಾಗಿಸಿದೆ. ಕೀಲಿಕೈ ನೆಕ್ಕಿದ ಹಾಗೆ ಬಾಯೆಲ್ಲ ಹುಳಿಯಾಯಿತು. ನಾಲಿಗೆಯ ತುದಿಗೆ ಇರುವೆ ಕಡಿದ ಹಾಗೆ ಝುಂ ಎಂದಿತು.

ತಂತಿ ನನ್ನ ಕೈಯಿಂದ ಬಿತ್ತು. ಬಂಗಾರ, ತಾಮ್ರ, ತವರ, ಸೀಸ. ನಡುವೆ ಉಗುಳು. ಮೇಲೆ ಹುಣಸೆಹಣ್ಣಿನ ಸಾರು! ಹೊಟ್ಟೆಪಾಡಿಗಾಗಿ ದಿನವೂ ಬ್ಯಾಟರಿ ತುಂಬುವ ನಾನು, ದೇವರಂಥ ಮಾವನವರ ಬಾಯಿಯಲ್ಲಿ ಒಂದು ಬ್ಯಾಟರಿ ಕಟ್ಟಿಟ್ಟಿದ್ದೆ. ಅದು ಅವರನ್ನು ಕುಕ್ಕುತ್ತಿತ್ತು, ಜೊತೆಗೆ ಬೆಸುಗೆಯನ್ನೂ ತಿನ್ನುತ್ತಿತ್ತು. ಇವತ್ತೋ ಈಗಲೋ ಆ ಕೊಂಡಿ ಮತ್ತೆ ಕಳಚುತ್ತದೆ. ಅದೂ ತುಂಬಿದ ಸಭೆಯಲ್ಲಿ. ಜೊತೆಯ ಗುಮಾಸ್ತನಿಗೆ ಕಚೇರಿ ಒಪ್ಪಿಸಿ ಓಡಿದೆ. ರುಮಾಲು ಸ್ಟೇಶನ್ ದಾರಿಯಲ್ಲೇ ಎಲ್ಲೋ ಉಳಿಯಿತು.

ದೇವಸ್ಥಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ಲಿನ ಸಾವಕಾರರು. ಹೆಂಗಸರ ಕಡೆ ಅವರ ತಾಯಿ ನೀಲವ್ವನವರು, ಪಕ್ಕದಲ್ಲಿ ಅಂಬಕ್ಕ, ಅವಳ ಹಿಂದೆ ಗೋದಾಬಾಯಿ. ಮಾವನವರು ಪುಸ್ತಕ ಬಿಚ್ಚಿ ಕುಳಿತಿದ್ದರು. ಅರ್ಚಕರು ಬೆಳ್ಳಿಯ ಉದ್ಧರಣೆಯಲ್ಲಿ ತೀರ್ಥ ತಂದಿದ್ದರು. ಇಡೀ ಸಭೆ ಕತ್ತು ಮುಂದೆ ಚಾಚಿ ಕಾಯುತ್ತಿತ್ತು. ಗೋದಾಬಾಯಿ ತಮ್ಮ ಕೆಲಸ ಮಾಡಿ ಮುಗಿಸಿದ್ದರು.

"ಬ್ಯಾಡ್ರಿ!" ಎಂದು ನಾನು ಬಾಗಿಲಿಂದಲೇ ಕೂಗಿದೆ. "ತೀರ್ಥ ತಗೋಬ್ಯಾಡ್ರಿ ಮಾವನವರ!"

ಸಭೆ ತಿರುಗಿ ನೋಡಿತು. ಮಾವನಿಗೆ ತೀರ್ಥ ಬೇಡವೆನ್ನುವ ಅಳಿಯ! ತಲೆಯ ಮೇಲೆ ರುಮಾಲು ಬೇರೆ ಇಲ್ಲ!

"ನಿಮ್ಮ ಬಾಯಾಗ ಬ್ಯಾಟರಿ ಅದ್ರಿ!"

ಬ್ಯಾಟರಿ ಎಂದರೆ ಏನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏನೋ ಸಿಡಿಯುವ ಪದಾರ್ಥ ಇರಬೇಕೆಂದು ಮುಂದಿನ ಸಾಲು ಹಿಂದೆ ಸರಿಯಿತು. ಅಷ್ಟರಲ್ಲಿ ಅರ್ಚಕರ ಕೈ ಮಾವನವರ ಬಾಯಿಯವರೆಗೆ ಬಂದಿತ್ತು. ಬೆಳ್ಳಿ ಬಂಗಾರಕ್ಕೆ ತಾಗಿತು. "ನಾರಾಯಣಾ!" ಮಾವನವರು ಹಾರಿದರು. ಹಾರಿ ಕೂತ ರಭಸಕ್ಕೆ ಕೊಂಡಿ ಕಳಚಿತು. ಹಲ್ಲಿನ ಕಟ್ಟು ತೆರೆದ ಪುಸ್ತಕದ ಮೇಲೆ ಬಿದ್ದು ನಿಂತಿತು. ಒಳಕಲ್ಲಿನ ಗುಂಡು ಹೊತ್ತ ಬೆಸುಗೆಯನ್ನು ನಾಲ್ಕು ದಿನದ ಸಾರು ತಿಂದುಹಾಕಿತ್ತು.

ನಾನು ಜನರ ನಡುವೆ ನುಗ್ಗಿ ಪೀಠದ ಹತ್ತಿರ ಹೋದೆ.

"ಚಿಂತಿ ಮಾಡಬ್ಯಾಡ್ರಿ ಮಾವನವರ. ಆರತಿ ಬೆಂಕಿ ಅದ. ಇಲ್ಲೇ, ಈಗಿಂದೀಗ ಬೆಸದ ಕೊಡ್ತೇನಿ..."

"ಸುಮ್ನ ಕೂಡ ಲೇ!"

ಅದು ಮಾವನವರ ಧ್ವನಿ. ಹೊಂಡದ ಆಚೆ ದಂಡೆಗೆ ಕೇಳುತ್ತಿದ್ದ ಧ್ವನಿ! ಮದುವೆಯಾದಂದಿನಿಂದ 'ರಿ' ಇಲ್ಲದೆ ನನ್ನ ಜೊತೆ ಒಂದು ಮಾತು ಆಡದ ಮನುಷ್ಯ! ನಾನು ನಿಂತಲ್ಲೇ ಕೂತೆ. ಕೂತದ್ದು ಅರ್ಚಕರ ಹಣ್ಣಿನ ಬುಟ್ಟಿಯ ಮೇಲೆ. ಏಳುವ ಧೈರ್ಯ ಬರಲಿಲ್ಲ.

ಮಾವನವರು ಹಲ್ಲನ್ನು ಬಾಳೆಎಲೆಯ ಮೇಲೆ ಬದಿಗಿಟ್ಟರು. ಬಾಯಿ ಒರೆಸಿಕೊಂಡು ಶ್ಲೋಕ ಎತ್ತಿದರು. ಮೊದಲ ಸಾಲಿನಲ್ಲೇ ಗಾಳಿ ಹೊರಗೆ ಹೋಯಿತು, ಅಕ್ಷರ ಒಳಗೆ ಉಳಿಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅದೇ ಹಳೆಯ ನಗೆ. ಮಾವನವರು ನಿಂತರು. ಅವರ ಕೈ ನಿಧಾನವಾಗಿ ಪುಸ್ತಕ ಮುಚ್ಚಲು ಹೋಯಿತು. ಈ ಸಲ ಮುಚ್ಚಿದರೆ ಮತ್ತೆ ಅದು ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಚ್ಚಿಸಿದವನು ನಾನು.

ಆಗ ಹೆಂಗಸರ ಕಡೆಯಿಂದ ಒಂದು ಧ್ವನಿ ಎದ್ದಿತು. ಮಾವನವರು ಬಿಟ್ಟ ಸಾಲನ್ನು ಅದೇ ರಾಗದಲ್ಲಿ, ಅಕ್ಷರ ಅಕ್ಷರ ಬಿಡಿಸಿ ಪೂರ್ತಿ ಮಾಡಿತು. ಅಂಬಕ್ಕ! ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಪುರಾಣ. ಅವಳಿಗೆ ಪುಸ್ತಕ ಬೇಕಾಗಿರಲಿಲ್ಲ. ಮಾವನವರು ತಲೆ ಎತ್ತಿ ಆ ಕಡೆ ನೋಡಿದರು. ನೋಡುತ್ತಲೇ ಮುಂದಿನ ಸಾಲು ಹೇಳಿದರು. ಜಾರಿದ ಅಕ್ಷರಗಳನ್ನು ಮಗಳು ಅಲ್ಲಲ್ಲೇ ಹಿಡಿದುಕೊಟ್ಟಳು. ಭಾವ ಅವರದು, ಉಚ್ಚಾರ ಇವಳದು. ನಾಲ್ಕು ಶ್ಲೋಕ ಆಗುವಷ್ಟರಲ್ಲಿ ಎರಡು ಬಾಯಿ ಎಂಬುದೇ ಮರೆತುಹೋಯಿತು.

ಕಂಬದ ಹತ್ತಿರ ಕುಳಿತ ಹಿರಿಯರೊಬ್ಬರು ಗೊಣಗಿದರು: "ಹೆಣ್ಮಗಳು ಸಭಾದಾಗ ಬಾಯಿ ತಗದ್ರ..."

"ನೀವು ಬಾಯಿ ಮುಚ್ಚರಿ ಯಜಮಾನ್ರ," ಎಂದರು ನೀಲವ್ವನವರು. "ನನಗ ಪುರಾಣ ಕೇಳಸವಲ್ದು."

ನಾನು ಹಣ್ಣಿನ ಬುಟ್ಟಿಯ ಮೇಲೆ ಕೂತು ಕಣ್ಣು ಒರೆಸಿಕೊಂಡೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಧ್ವನಿಯನ್ನು ನಾನು ಹಾಡಾಗಿ ಕೇಳಿರಲಿಲ್ಲ. "ಗಡಿಯಾರ ಮುಟ್ಟಬ್ಯಾಡ್ರಿ" ಎಂಬ ರೂಪದಲ್ಲಿ ಮಾತ್ರ ಕೇಳಿದ್ದೆ. ನನಗೆ ಹೆಮ್ಮೆಯಾಯಿತು. ನಾಚಿಕೆಯೂ ಆಯಿತು. ಕೆಳಗಿನ ಬಾಳೆಹಣ್ಣುಗಳಿಗೆ ಏನಾಯಿತೆಂದು ಕೇಳಬೇಡಿ.

ಮಂಗಳಾರತಿ ಆದ ಮೇಲೆ ನೀಲವ್ವನವರೇ ಎದ್ದು ಬಂದರು. "ಶ್ರಾವಣಕ್ಕ ನಮ್ಮ ವಾಡೇಕ ಇಬ್ರೂ ಬರಬೇಕ್ರಿ. ಅಪ್ಪ-ಮಗಳು ಕೂಡೇ ಬಂದ್ರ ಪುರಾಣ ಐತಿ, ಇಲ್ಲಾಂದ್ರ ಇಲ್ಲ." ಸಾವಕಾರರು ತಾಯಿಯ ಮಾತಿಗೆ ತಲೆಯಾಡಿಸಿದರು. ಅವರ ಮನೆಯಲ್ಲೂ ತಾರು ಕಳಿಸುವವರು ಯಾರೆಂದು ನನಗೆ ಕೂಡಲೇ ತಿಳಿಯಿತು.

ಆ ವಾರ ಪತ್ತಾರ ಕಾಳಪ್ಪ ಹುನಗುಂದದಿಂದ ಬಂದ. ನನ್ನ ಪಂಚಲೋಹವನ್ನೆಲ್ಲ ಕೆರೆದು ತೆಗೆದ. ಪಿಂಗಾಣಿ ಒಡೆಯದಂತೆ ಒದ್ದೆ ಮಣ್ಣಿನಲ್ಲಿ ಹುದುಗಿಸಿ, ಬಂಗಾರಕ್ಕೆ ಬಂಗಾರದ್ದೇ ಬೆಸುಗೆ ಹಾಕಿ ಕೊಟ್ಟ. ಮಾವನವರು ಸಾರು ಉಂಡರು, ಭುಜ ಏರಲಿಲ್ಲ. ತೀರ್ಥ ತೆಗೆದುಕೊಂಡರು; ಮಣೆಯ ಮೇಲೇ ಕುಳಿತರು. ಗೋದಾಬಾಯಿಯವರಿಗೆ ಮಾತ್ರ ಬಹಳ ನಿರಾಶೆಯಾಯಿತು.

"ಹಲ್ಲು ಸರಿಯಾದ್ವಲ್ಲಪ್ಪಾ," ಎಂದಳು ಅಂಬಕ್ಕ, ಬಟ್ಟೆ ಗಂಟು ಕಟ್ಟುವುದನ್ನು ನಿಲ್ಲಿಸಿ. "ಇನ್ನ ನಾ ಯಾಕ ಇಳಕಲ್ಲಿಗೆ?"

"ಹಲ್ಲು ಬಂದಾವ ಖರೆ. ನಿನ್ನ ಧ್ವನಿ ಬ್ಯಾಡ ಅಂತ ನಾ ಎಲ್ಲಿ ಅಂದೆ? ಕಟ್ಟು ಗಂಟು."

ಸಾವಕಾರರ ಕಮಾನು ಗಾಡಿ ಬಾಗಿಲಿಗೆ ಬಂತು. ನಾನೂ ರುಮಾಲು ಸುತ್ತಿಕೊಂಡು ಸಿದ್ಧನಾದೆ. "ನಾನೂ ಬರ್ತೇನಿ ಮಾವನವರ. ದಾರ್ಯಾಗ ಗಾಡಿ ಅಲ್ಲಾಡಿ ಹಲ್ಲಿಗೇನರ ಆದ್ರ..."

"ಬ್ಯಾಡ್ರಿ ಅಳಿಯಂದ್ರ," ಎಂದರು ಮಾವನವರು. ಎಷ್ಟು ಸಹಜವಾಗಿ ಬಂತು ಆ ಮಾತು! ಹೇಳಿ ಅವರಿಗೇ ರುಚಿ ಹತ್ತಿರಬೇಕು. ಇನ್ನೊಮ್ಮೆ ಹೇಳಿದರು: "ಖರೇನ ಬ್ಯಾಡ್ರಿ!"

ಗಾಡಿ ಹೊರಟಿತು. ಓಣಿಯ ತಿರುವಿನವರೆಗೂ ತಂದೆ-ಮಗಳ ಶ್ಲೋಕ ಕೇಳುತ್ತಿತ್ತು. ಕೇಳುತ್ತ ನಿಂತ ನನಗೆ ಬಹಳ ಸುಖವಾಯಿತು, ಆಮೇಲೆ ಬಹಳ ಹಸಿವಾಯಿತು.

"ನಮ್ಮ ಮನ್ಯಾಗ ಉಣ್ಣಾಕ ಬರ್ರಿ ಮಾಸ್ತರ," ಎಂದರು ಗೋದಾಬಾಯಿ ಗೋಡೆಯ ಆಚೆಯಿಂದ.

"ಯಾಕ್ರಿ? ರೊಟ್ಟಿ ಮಾಡ್ಲಿಕ್ಕೆ ಬರೂದಿಲ್ಲೇನು ನನಗ?" ಎಂದೆ. ಹಿಟ್ಟು, ನೀರು, ಬೆಂಕಿ. ಸೀಸ ಕರಗಿಸುವವನಿಗೆ ಇದು ಯಾವ ಲೆಕ್ಕ! ಎರಡು ತಾಸು ಒಲೆಯ ಮುಂದೆ ಕೂತು, ಬೆವರಿಳಿಸಿ, ಒಂದು ರೊಟ್ಟಿ ತಟ್ಟಿ ಬೇಯಿಸಿದೆ. ನನ್ನ ಬಾಯಿಯಲ್ಲಿರುವ ಹಲ್ಲುಗಳೆಲ್ಲ ದೇವರು ಕೊಟ್ಟವೇ. ಒಂದೂ ಉದುರಿಲ್ಲ, ಒಂದಕ್ಕೂ ಬೆಸುಗೆ ಇಲ್ಲ. ಆದರೂ ಆ ರೊಟ್ಟಿಯನ್ನು ಕಡಿಯಲು ನನ್ನಿಂದ ಆಗಲಿಲ್ಲ!